ಅತ್ತೆಯ ಕೋಣೆಯ ಜೋಳ

ಅಲ್ಲೇ! ಅಲ್ಲೇ ನಿಲ್ಲಿ ಅಳಿಯಂದಿರೇ, ಪರದೆ ಮುಟ್ಟಬೇಡಿ! ನಾನು ಒಳಗೇ ಇದ್ದೀನಿ, ಮಲಗೋ ಕೋಣೇಲಿ. ನೀವು ಆ ಸೋಫಾದ ಮೇಲೆ ಕೂತ್ಕೊಳ್ಳಿ, ಬೆನ್ನು ಈ ಕಡೆ ಮಾಡಿ... ಹಾಂ, ಸ್ಪ್ರಿಂಗು ಕಿರ್ ಅಂತು. ಕೂತ್ರಿ. ಈಗ ಹೇಳಿ. ಮಗು ಹೇಗಿದ್ದಾಳೆ?

...ಕಣ್ಣು ಹಳದಿ, ಅದು ಗೊತ್ತು. ಅದನ್ನ ವವಿನ್ಯಾ ನಿನ್ನೇನೇ ಆಸ್ಪತ್ರೆಯಿಂದ ಫೋನು ಮಾಡಿ ಹೇಳಿದ್ಲು. ನನ್ನ ಮಗಳು ಅಳದೇ ಹೇಳಿದ್ಲು ನೋಡಿ, ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾಯ್ತು. ಹೊಟ್ಟೆ?... ಇನ್ನೂ ಊದಿದೆ. ಹೂಂ. ನೀರು ಕುಡೀತಾಳಾ?... ಹೂಂ.

ಮತ್ತೆ ಹೆಂಡತಿ, ಮಗು ಇಬ್ಬರನ್ನೂ ಅಲ್ಲಿ ಬಿಟ್ಟು, ಈ ಮಟಮಟ ಮಧ್ಯಾಹ್ನ ಮೋಟಾರ್‌ಸೈಕಲ್ ಹತ್ತಿ ನೀವು ಇಲ್ಲಿಗೆ ಯಾಕೆ ಬಂದ್ರಿ?... ಡಾಕ್ಟರು ಕಳಿಸಿದ್ರಾ! ಅಜ್ಜಿ ಮನೇಲಿ ಏನು ತಿಂತಿದ್ಲು ಅಂತ ಕೇಳ್ಕೊಂಡು ಬಾ ಅಂದ್ರಾ?

ಒಳ್ಳೇ ಪ್ರಶ್ನೆ. ಈ ಉಕಂಬಾನಿ ಸೀಮೇಲಿ ಮಕ್ಕಳು ಏನು ತಿಂತಾರೆ ಅಂತ ಆ ಡಾಕ್ಟರಿಗೆ ಗೊತ್ತಿಲ್ವಾ? ಎಲ್ಲಿಯವರು, ನೈರೋಬಿಯವರಾ? ಹೇಳಿ ಅವರಿಗೆ. ಬೆಳಿಗ್ಗೆ ಮೆಕ್ಕೆಜೋಳದ ಗಂಜಿ. ಮಧ್ಯಾಹ್ನ ಶಾಲೇಲಿ ಕಾಳು ಹಾಕಿ ಬೇಯಿಸಿದ ಮೆಕ್ಕೆಜೋಳ. ರಾತ್ರಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಜೊತೆಗೆ ಸೊಪ್ಪು. ಅವಳಮ್ಮ ಅದನ್ನೇ ತಿಂದು ಬೆಳೆದಳು, ನಾನೂ ಅದನ್ನೇ ತಿಂದು ಬೆಳೆದೆ. ಬೇರೆ ಏನಾದ್ರೂ ತಿನ್ನಿಸೋಕೆ ನಾನೇನು ರಾಜ್ಯಪಾಲರ ಅಜ್ಜಿನಾ?

ಯಾಕೆ ನಗ್ತೀರಿ?... ನಗು ಅಲ್ವಾ. ಕೆಮ್ಮಾ. ಹೂಂ. ಈ ಪರದೆ ಆಚೆ ನಿಮ್ಮ ನಗು ಯಾವುದು, ಕೆಮ್ಮು ಯಾವುದು ಅಂತ ನನಗೆ ಇವತ್ತಿಗೂ ಗೊತ್ತಾಗಲ್ಲ. ವವಿನ್ಯಾಳನ್ನ ನಿಮಗೆ ಕೊಟ್ಟಾಗಿನಿಂದ ನಿಮ್ಮ ಮುಖ ಸರಿಯಾಗಿ ನೋಡಿದ್ದು ಮದುವೆಯ ಫೋಟೋದಲ್ಲಿ ಮಾತ್ರ. ಒಂದು ಸಲ ಸಂತೇಲಿ ನಾನು ಎದುರಿಗೆ ಬಂದೆ ಅಂತ ನೀವು ಎಲೆಕೋಸಿನ ಗಾಡಿ ಹಿಂದೆ ಕುಕ್ಕರುಗಾಲಲ್ಲಿ ಕೂತ್ರಲ್ಲ, ನೆನಪಿದೆಯಾ? ಅಷ್ಟು ಎತ್ತರದ ಆಳು! ಟೋಪಿ ಕಾಣ್ತಿತ್ತು. ನಾನು ಕಾಣದವಳ ಹಾಗೆ ನಿಂತು, ಬೇಡದ ಟೊಮೇಟೊ ಎಲ್ಲಾ ಕೊಂಡೆ, ನೀವು ಎದ್ದು ಹೋಗ್ಲಿ ಅಂತ. ಒಂದು ಆಡು ತಂದು ಕೊಟ್ಟಿದ್ರೆ ಒಬ್ಬರ ಮುಖ ಒಬ್ಬರು ನೋಡಬಾರದು ಅನ್ನೋ ಈ ಕಟ್ಟು ಬಿಡ್ತಿತ್ತಂತೆ, ಆಮೇಲೆ ಅತ್ತೆ ಅಳಿಯ ಎದುರುಬದುರು ಕೂತು ಚಹಾ ಕುಡೀಬಹುದಂತೆ. ನೀವು ಕೊಡ್ಲಿಲ್ಲ, ನಾನು ಕೇಳ್ಲಿಲ್ಲ. ನಾನು ಹೆಡ್‌ಮೇಡಂ ಆಗಿದ್ದವಳು. ಭೂಮಿ ಗುಂಡಗಿದೆ, ಮಿಂಚು ಯಾರ ಶಾಪವೂ ಅಲ್ಲ ಅಂತ ಈ ಊರಿನ ಎರಡು ತಲೆಮಾರಿಗೆ ಹೇಳಿಕೊಟ್ಟವಳು. ಅತ್ತೆಯ ಮಲಗೋ ಕೋಣೆಗೆ ಅಳಿಯ ಕಾಲಿಟ್ಟರೆ ಕೇಡು ಅನ್ನೋದನ್ನ ನಂಬ್ತೀನಾ? ನಂಬಲ್ಲ. ಕೇಡಾದವರನ್ನ ಯಾರೂ ಕಂಡಿಲ್ಲ, ಎಲ್ಲರೂ ಇನ್ನೊಬ್ಬರಿಂದ ಕೇಳಿದವರೇ. ಆದ್ರೂ ಕೂತ್ಕೊಳ್ಳಿ. ಅಲ್ಲೇ ಕೂತ್ಕೊಳ್ಳಿ. ನಂಬಿಕೆ ಬೇರೆ, ನಾಚಿಕೆ ಬೇರೆ.

...ಏನಂದ್ರಿ? ನಾನು ಯಾಕೆ ಆಸ್ಪತ್ರೆಗೆ ಬರ್ಲಿಲ್ಲ? ಬರ್ತಿದ್ದೆ. ಆಡುಗಳನ್ನ ಯಾರು ನೋಡ್ಕೋಬೇಕು? ಮನೆ ಬಿಟ್ಟು ಒಂದು ದಿನ ಹೋದ್ರೆ ಕಳ್ಳರು ಸೂರಿನ ತಗಡನ್ನೂ ಬಿಚ್ಕೊಂಡು ಹೋಗ್ತಾರೆ. ನನ್ನ ಹೆಸರು ಇಟ್ಕೊಂಡ ಮಗು ಅವಳು. ಕವಿಂಡು ಅಂತ ಈ ಅಂಗಳದಲ್ಲಿ ಕೂಗಿದ್ರೆ ಇಬ್ಬರೂ "ಆಂ" ಅಂತಿದ್ವಿ. ಬರಬೇಕು ಅಂತ ನನಗೆ ಅನ್ನಿಸಲ್ವಾ? ಬಿಡಿ ಆ ಮಾತು.

ಶಾಲೆ ಪಾತ್ರೆ ವಿಚಾರ ಡಾಕ್ಟರಿಗೆ ಹೇಳಿದ್ರಾ? ಅದನ್ನ ಹೇಳಿ ಮೊದಲು. ಮಧ್ಯಾಹ್ನದ ಊಟಕ್ಕೆ ಒಂದೊಂದು ಮನೆಯವರು ಒಂದೊಂದು ಡಬ್ಬಿ ಜೋಳ ಕೊಡಬೇಕು, ಎಲ್ಲಾ ಒಂದೇ ಹಂಡೆಗೆ ಬೀಳುತ್ತೆ. ಯಾರ ಮನೆ ಜೋಳ ಹೇಗಿತ್ತೋ! ಈ ಸಲ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಬಂತಲ್ಲ, ಅರ್ಧ ಊರಿನ ಜೋಳ ಒದ್ದೆ, ಒದ್ದೆ ಜೋಳಕ್ಕೆ ಬೂಷ್ಟು ಬಂದ್ರೆ ವಿಷ. ಆ ಹಂಡೆಯಿಂದಲೇ ಬಂದಿರುತ್ತೆ, ಇನ್ನೆಲ್ಲಿಂದ...

...ಹೌದು. ಉಳಿದ ಮಕ್ಕಳು ಚೆನ್ನಾಗಿದ್ದಾರೆ. ಬೇಲಿ ಆಚೆ ಚೆಂಡು ಆಡೋದು ಇಲ್ಲಿಗೇ ಕೇಳಿಸ್ತಿದೆ. ಇಡೀ ಶಾಲೆ ಒಂದೇ ಹಂಡೆಯದನ್ನ ಉಂಡು ಒಂದೇ ಮಗು ಮಲಗಿದ್ರೆ ಹಂಡೆಯದು ತಪ್ಪಲ್ಲ. ಅಷ್ಟು ನನಗೂ ಹೊಳೆಯುತ್ತೆ. ನನ್ನ ಮಾತನ್ನ ನೀವು ಮುರೀಬೇಕಾಗಿಲ್ಲ, ನಾನೇ ಮುರ್ಕೊಳ್ತೀನಿ. ಅಭ್ಯಾಸ ಅದು, ಏನು ಮಾಡ್ಲಿ!

ನೀರು ಇರಬಹುದು. ಕಾಮಾಲೆ ನೀರಿಂದಲೂ ಬರುತ್ತೆ. ಆದ್ರೆ ನಾನು ಕುದಿಸದ ನೀರು ಈ ಮನೇಲಿ ಯಾರಿಗೂ ಕೊಡಲ್ಲ, ಅದು ಊರಿಗೇ ಗೊತ್ತು. ಇಲ್ಲ, ನೀರಲ್ಲ.

ನೀರಿನ ಕೊಳಾಯಿ ಹತ್ತಿರ ಹೆಂಗಸರು ಏನಂತಿದ್ದಾರೆ ಗೊತ್ತಾ? ಕಟುಂಗೆ ಅನ್ನೋಳು ಮಾಟ ಮಾಡಿಸಿದ್ದು ಅಂತಿದ್ದಾರೆ. ಅದೇ, ಆಚೆ ದಿಣ್ಣೆ ಮೇಲಿನ ಮುದುಕಿ. ನಮ್ಮ ಆಡು ಅವಳ ಅಲಸಂದೆ ಮೇಯ್ತು ಅಂತ ಬೈದು ಹೋಗಿದ್ಲು, ಹೋಗುವಾಗ ಮಗುವಿನ ತಲೆ ಸವರಿದ್ಲಂತೆ. ಯಾರು ನೋಡಿದ್ರು ಅಂತ ನಾನು ಕೇಳ್ದೆ. ಯಾರೂ ಇಲ್ಲ. ಹಿಂದಿನ ವರ್ಷಗಳಲ್ಲಿ ಆ ಕೆಳಗಿನ ಊರಲ್ಲಿ ಸಾಲುಸಾಲು ಜನ ಹಳದಿಯಾಗಿ ಸತ್ತಾಗಲೂ ಇದೇ ಮಾತು ಹುಟ್ಟಿತ್ತು, ಹೆಸರು ಮಾತ್ರ ಬೇರೆ. ಅಲ್ಲಿ ಒಬ್ಬ ಮುದುಕಿಯ ಮನೆಗೆ ಬೆಂಕಿ ಇಟ್ರು. ಆಮೇಲೂ ಜನ ಸಾಯ್ತಾನೇ ಇದ್ರು. ಮಂತ್ರ ಹಾಕೋನು ನಿನ್ನೆ ಇಲ್ಲಿಗೂ ಬಂದಿದ್ದ, ಸೋರೆಬುರುಡೆ ಅಲ್ಲಾಡಿಸ್ಕೊಂಡು. ಒಳಗಿನಿಂದಲೇ ಗದರಿದೆ. "ಮೂರನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ ಹೊಡೆದವನು, ನನಗೇ ಪಾಠ ಹೇಳ್ತೀಯಾ" ಅಂದೆ. ಓಡಿದ.

...ಆದ್ರೆ ಅಳಿಯಂದಿರೇ, ಒಂದು ಮಾತು ಹೇಳ್ಲಾ? ಅವನನ್ನ ಓಡಿಸಿದ ಮೇಲೆ ನನಗೆ ಅನ್ನಿಸ್ತು, ಅದು ನಿಜವಾಗಿದ್ರೆ ಎಷ್ಟು ಚೆನ್ನಾಗಿರ್ತಿತ್ತು ಅಂತ. ಕಟುಂಗೆ ಮಾಡಿಸಿದ್ದೇ ಆಗಿದ್ರೆ ಅವಳ ಕಾಲಿಗೆ ಬಿದ್ದು ತೆಗೆಸಬಹುದಿತ್ತು. ಬೇಕಾದ್ರೆ ಆಡಿನ ಹಿಂಡೇ ಕೊಟ್ಟು ತೆಗೆಸ್ತಿದ್ದೆ. ಈ ಬೂಷ್ಟಿನ ವಿಷಕ್ಕೆ ಯಾರ ಕಾಲಿಗೆ ಬೀಳೋದು? ಔಷಧಿ ಇಲ್ಲ ಅಂದ್ರಾ ಡಾಕ್ಟರೂ?... ತಿನ್ನೋದು ನಿಲ್ಲಿಸಬೇಕು, ಕಾಯಬೇಕು. ಅಷ್ಟೇನಾ. ಕಾಯೋಕೆ ದೊಡ್ಡ ಆಸ್ಪತ್ರೆ ಯಾಕೆ ಬೇಕು, ಕಾಯೋದು ನನಗೂ ಬರುತ್ತೆ!

ಕ್ಷಮಿಸಿ. ಕೂಗಬಾರದಿತ್ತು.

...ನಮ್ಮ ಜೋಳ? ನಮ್ಮ ಜೋಳದ ವಿಚಾರ ನನ್ನನ್ನ ಕೇಳ್ತೀರಾ? ಅದನ್ನ ಪರೀಕ್ಷೆ ಮಾಡಿದವರು ಯಾರು? ನೀವೇ! ಕೃಷಿ ಇಲಾಖೆ ಪೆಟ್ಟಿಗೆ ಹೊತ್ಕೊಂಡು ಮನೆಮನೆ ತಿರುಗಿದವರು ನೀವು. ಇದೇ ಸೋಫಾದ ಮುಂದೆ ಕೂತು, ಕಾಳು ಪುಡಿ ಮಾಡಿ, ಅದೇನೋ ದ್ರಾವಣದಲ್ಲಿ ಕಲಕಿ, ಆ ಕಾಗದದ ಪಟ್ಟಿ ಅದ್ದಿದ್ರಿ. ಎರಡು ಗೆರೆ ಬಂದ್ರೆ ತಿನ್ನಬಹುದು, ಒಂದೇ ಗೆರೆ ಬಂದ್ರೆ ವಿಷ ಅಂದ್ರಿ. ಎರಡು ಬಂತು. "ಅತ್ತೆಮ್ಮನ ಜೋಳ ಚೊಕ್ಕವಾಗಿದೆ" ಅಂತ ನೀವೇ ಅಂಗಳಕ್ಕೆ ಕೇಳೋ ಹಾಗೆ ಹೇಳಿದ್ರಿ. ನನ್ನ ಜೋಳ ಕೆಟ್ಟಿದೆ ಅಂತಾದ್ರೆ ನಿಮ್ಮ ಪಟ್ಟಿ ಸುಳ್ಳು ಹೇಳ್ತು ಅಂತಾಯ್ತು. ಯೋಚನೆ ಮಾಡಿ ಮಾತಾಡಿ. ನಿಮ್ಮ ಕೆಲಸಕ್ಕೇ ಕುತ್ತು ಬರುತ್ತೆ!

...ಪಟ್ಟಿ ಸುಳ್ಳು ಹೇಳಲ್ಲ. ಸರಿ. ಅದ್ದಿದ್ದನ್ನ ಮಾತ್ರ ಹೇಳುತ್ತೆ... ಅಂದ್ರೆ? ಅಂದ್ರೆ ಏನು ನಿಮ್ಮ ಮಾತಿನ ಅರ್ಥ?

ನೀವು ಹೇಳಿದ ಹಾಗೇ ಮಾಡಿದ್ದೀನಲ್ಲ. ಜೋಳದ ಮೂಟೆಗಳು ನನ್ನ ಮಲಗೋ ಕೋಣೇಲಿದ್ವು. ಹೊರಗಿನ ಕಣಜದಲ್ಲಿ ಇಟ್ರೆ ಬೆಳಗಾಗೋದ್ರಲ್ಲಿ ಖಾಲಿ, ಈಗ ಎಲ್ಲರೂ ಹಾಸಿಗೆ ಪಕ್ಕದಲ್ಲೇ ಇಟ್ಕೊಳ್ಳೋದು. ನೀವು ಒಳಗೆ ಬರೋ ಹಾಗಿಲ್ಲ. ಪರದೆ ಅಡಿಯಿಂದ ಆ ಚೂಪು ಕೊಳವೆ ತಳ್ಳಿದ್ರಿ. "ಒಂದೊಂದು ಮೂಟೆಗೂ ಚುಚ್ಚಿ ಅತ್ತೆಮ್ಮಾ, ಮೇಲೆ, ನಡುವೆ, ತಳದಲ್ಲಿ. ವಿಷ ಎಲ್ಲಾ ಕಾಳಲ್ಲೂ ಇರಲ್ಲ, ಯಾವುದೋ ಮೂಲೇಲಿ ಒಂದು ಹಿಡಿಯಲ್ಲಿ ಕೂತಿರುತ್ತೆ" ಅಂದ್ರಿ. ಎಷ್ಟು ಚೆನ್ನಾಗಿ ಹೇಳಿದ್ರಿ! ನನ್ನ ಶಾಲೇಲಿ ಮೇಷ್ಟ್ರಾಗಬೇಕಿತ್ತು ಈತ ಅಂದ್ಕೊಂಡೆ. ಆಮೇಲೆ ಬಟ್ಟಲು ತುಂಬಿಸಿ ಆಚೆ ತಳ್ಳಿದೆ.

ಬೇರೆ ಮನೆಯಾಗಿದ್ರೆ ನೀವೇ ಒಳಗೆ ಹೋಗಿ ಚುಚ್ತಿದ್ರಿ. ಇಲ್ಲಿ ಅತ್ತೆ. ಅತ್ತೆ ಕೊಟ್ಟ ಬಟ್ಟಲನ್ನ ಯಾರು ಅನುಮಾನ ಪಡ್ತಾರೆ? ಅದರಲ್ಲೂ ಹೆಡ್‌ಮೇಡಂ.

...ಇರಿ, ನಿಮ್ಮ ಫೋನು. ಎತ್ತಿ, ಎತ್ತಿ! ವವಿನ್ಯಾಳದೇ ಇರಬೇಕು...

...

ಏನಂತೆ? ನಿದ್ದೆ ಮಾಡ್ತಿದ್ದಾಳಾ? ಒಳ್ಳೇದು, ನಿದ್ದೆ ಬಂದ್ರೆ ಒಳ್ಳೇದು. ನಿನ್ನೆಯಿಂದ ನಿದ್ದೆ ಇಲ್ಲ ಅಂತಿದ್ಲು... ಏನು? ಎಬ್ಬಿಸಿದ್ರೂ ಏಳ್ತಿಲ್ಲ? ಹೆಸರು ಹಿಡಿದು ಕರೆದ್ರಾ? ಕವಿಂಡು ಅಂತ ಕರೆದ್ರಾ? ಜೋರಾಗಿ ಕರೀಬೇಕು ಅವಳನ್ನ, ಮೊದಲಿಂದಲೂ ಗಾಢ ನಿದ್ದೆ ಅವಳದ್ದು, ಶಾಲೆಗೆ ಎಬ್ಬಿಸೋಕೆ ನಾನು ಪಾತ್ರೆ ಬಡೀತಿದ್ದೆ... ಅಂಥ ನಿದ್ದೆ ಅಲ್ಲ.

ಅಂಥ ನಿದ್ದೆ ಅಲ್ಲ ಅಂದ್ರೆ ಎಂಥದು... ಬೇಡ. ಹೇಳಬೇಡಿ.

ನೋಡಿ, ನೋಡಿ ಅಳಿಯಂದಿರೇ, ಜೋಳದಿಂದ ಆಗಿದ್ರೆ ನನಗೂ ಆಗಬೇಕಿತ್ತಲ್ಲ? ಅದೇ ಗಂಜಿ, ಅದೇ ಮುದ್ದೆ. ನನಗೇನಾಗಿದೆ? ನನ್ನ ಧ್ವನಿ ಕೇಳಿ, ರೋಗ ಬಂದವಳ ಧ್ವನಿನಾ ಇದು? ಅಷ್ಟು ಹೇಳಿ ಡಾಕ್ಟರಿಗೆ. ಅಜ್ಜಿಯೂ ಅದನ್ನೇ ತಿಂದಿದ್ದಾಳೆ, ಅಜ್ಜಿ ಗಟ್ಟಿಯಾಗಿದ್ದಾಳೆ, ಅದಕ್ಕೇ ಜೋಳ ಅಲ್ಲ, ಬೇರೆ ಏನೋ ಹುಡುಕಿ ಅಂತ ಹೇಳಿ. ಬೇರೆ ಏನೋ ಆದ್ರೆ ಔಷಧಿ ಇರುತ್ತಲ್ಲ!

...ನಾಯಿ? ನಾಯಿ ಸತ್ತಿದ್ದು ನಿಮಗೆ ಯಾರು ಹೇಳಿದ್ರು? ಮುದಿ ನಾಯಿ ಅದು. ಉಳಿದ ಮುದ್ದೆ ತಿಂದ್ಕೊಂಡು ಬಿದ್ದಿರ್ತಿತ್ತು... ಹೂಂ. ಹೌದು. ಉಳಿದ ಮುದ್ದೆ.

ಅದಕ್ಕೂ ಇದಕ್ಕೂ ಸಂಬಂಧ ಹಚ್ಚಬೇಡಿ. ಆ ಬಟ್ಟಲಲ್ಲಿ ನೀವೇ ನೋಡಿದ್ರಲ್ಲ, ಒಂದೇ ಒಂದು ಕಪ್ಪು ಕಾಳಿತ್ತಾ? ಒಂದು ಹಸಿರು ಬಿದ್ದಿತ್ತಾ? ಹೇಗಿರುತ್ತೆ! ಒಂದೊಂದು ಕಾಳನ್ನೂ ಕಿಟಕಿ ಬೆಳಕಿಗೆ ಹಿಡಿದು ನೋಡಿ ಆರಿಸಿ...

...

ಏನು?

ನಾನೇನಂದೆ ಈಗ?

ಆರಿಸೋದು ಅಂದ್ರೆ... ಅಲ್ಲ, ಮನೆಗೆ ಬಂದ ಅಳಿಯನ ಕೈಗೆ ಕಸ, ಬೂಷ್ಟು ಕೂಡಿಸಿ ಕೊಡ್ತಾರಾ ಯಾರಾದ್ರೂ? ನೀವೇ ಹೇಳಿ, ನಿಮ್ಮಮ್ಮ ಕೊಡ್ತಾರಾ? ಬೀಗರ ಮನೆಗೆ ಒಂದು ಪಾವು ಕಳಿಸಿದ್ರೂ ಆರಿಸಿ, ಕೇರಿ ಕಳಿಸ್ತೀವಿ. ಕೈ ತಾನಾಗೇ ಆರಿಸಿಬಿಡುತ್ತೆ... ಇಲ್ಲ. ಸುಳ್ಳು. ಕೈ ತಾನಾಗಿ ಆರಿಸ್ಲಿಲ್ಲ. ನೀವು ಬರೋದಕ್ಕೆ ಮೊದಲೇ ಆರಿಸಿ ಇಟ್ಟಿದ್ದೆ. ನಿಮ್ಮ ಕೊಳವೆಯನ್ನ ಒಂದು ಮೂಟೆಗೂ ತಾಗಿಸ್ಲಿಲ್ಲ. ಸದ್ದು ಬರ್ಲಿ ಅಂತ ಗೋಣಿಯನ್ನ ಬರಿದೇ ಕೆರೆದೆ.

ಹೌದು, ನನಗೆ ಗೊತ್ತಿತ್ತು. ಅರ್ಧಂಬರ್ಧ ಗೊತ್ತಿತ್ತು. ಮಳೇಲೇ ಕೊಯ್ದಿದ್ದು. ಹೊಲದಲ್ಲಿ ಬಿಟ್ರೆ ಕಳ್ಳರು, ಅಂಗಳದಲ್ಲಿ ಹರಡಿದ್ರೆ ಕೆಸರು. ನೀವು ಮಹಿಳಾ ಸಂಘಕ್ಕೆ ಉಪ್ಪಿನ ಪರೀಕ್ಷೆ ಹೇಳಿಕೊಟ್ರಲ್ಲ, ಬಾಟಲಿಗೆ ಒಣ ಉಪ್ಪು, ಜೋಳ ಹಾಕಿ ಅಲ್ಲಾಡಿಸೋದು, ಉಪ್ಪು ಗಾಜಿಗೆ ಅಂಟಿದ್ರೆ ಜೋಳ ಇನ್ನೂ ಹಸಿ ಅಂತ? ಅದನ್ನ ಎಲ್ಲರ ಮುಂದೆ ಮಾಡಿ ತೋರಿಸಿದವಳು ನಾನೇ. ಮನೆಗೆ ಬಂದು ನನ್ನ ಜೋಳಕ್ಕೂ ಮಾಡಿದೆ. ಬಾಟಲಿ ಒಳಗೆಲ್ಲಾ ಬೆಳ್ಳಗೆ ಅಂಟಿಕೊಳ್ತು. ಉಪ್ಪೇ ತೇವವಾಗಿರಬೇಕು ಅಂದ್ಕೊಂಡೆ. ಹಾಗೆ ಅಂದ್ಕೊಳ್ಳೋಕೆ ಎಷ್ಟು ಸುಲಭ ಗೊತ್ತಾ! ಮಂತ್ರ ಹಾಕೋನನ್ನ ಓಡಿಸಿದವಳು ನಾನು, ನನ್ನೊಳಗಿನ ಮಂತ್ರ ಹಾಕೋನನ್ನ ಕೂರಿಸಿ ಚಹಾ ಕೊಟ್ಟೆ.

ಮೂಟೆಯ ಕಾಳನ್ನೇ ಕೊಟ್ಟಿದ್ರೆ ಏನು ಮಾಡ್ತಿದ್ರಿ ನೀವು? ಒಂದೇ ಗೆರೆ ಬಂದಿದ್ರೆ? ಲಾರಿ ತರಿಸಿ ಎಲ್ಲಾ ಹೊತ್ಕೊಂಡು ಹೋಗಿ ಗುಂಡಿಗೆ ಹಾಕಿ ಸುಡ್ತಿದ್ರಿ. ಬದಲಿಗೆ ಜೋಳ ಬರುತ್ತೆ ಅಂತಿದ್ರಿ. ಆ ಕೆಳಗಿನ ಊರಿಗೆ ಬಂತಾ? ಹೇಳಿ, ಬಂತಾ? ಕೊಟ್ಟವರು ಇಡೀ ಬೇಸಿಗೆ ಕಾಡು ಸೊಪ್ಪು ಬೇಯಿಸಿ ತಿಂದ್ರು. ನೀವೇ ನನ್ನ ಮಗಳ ಹತ್ತಿರ ಬೇಜಾರು ಮಾಡ್ಕೊಂಡು ಹೇಳಿದ್ರಂತೆ. ನನ್ನ ಹತ್ತಿರ ಓದೋಕೆ ಅಂತ ಮಗುವನ್ನ ಕಳಿಸಿದ್ರಿ, ಅವಳಿಗೆ ಕಾಡು ಸೊಪ್ಪು ತಿನ್ನಿಸ್ಲಾ? ವಾಸನೆ ಇರ್ಲಿಲ್ಲ. ರುಚಿ ಕೆಟ್ಟಿರ್ಲಿಲ್ಲ. ಕಣ್ಣಿಗೆ ಕಂಡ ಬೂಷ್ಟನ್ನೆಲ್ಲಾ ತೆಗೆದು ಕೋಳಿಗೆ ಹಾಕಿದೆ. ನನ್ನಮ್ಮನ ಕಾಲದಲ್ಲಿ ಒರಳಲ್ಲಿ ಕುಟ್ಟಿ ಸಿಪ್ಪೆ ತೆಗೆದು ತೊಳೆದು ಬೇಯಿಸ್ತಿದ್ರು. ಮುಥೊಕೊಯಿ ಮಾಡ್ತಿದ್ರಲ್ಲ, ಹಾಗೆ. ಸಿಪ್ಪೆ ಜೊತೆ ಅರ್ಧ ವಿಷ ಹೋಗುತ್ತೆ ಅಂತ ನೀವೇ ಸಂಘದಲ್ಲಿ ಹೇಳಿದ್ರಿ. ಒನಕೆ ಎತ್ತೋಕೆ ನನ್ನ ತೋಳಿಗೆ ಶಕ್ತಿ ಎಲ್ಲಿದೆ? ಗಿರಣಿಗೆ ಕಳಿಸಿದೆ. ಗಿರಣಿ ಎಲ್ಲವನ್ನೂ ಒಂದೇ ಬಿಳಿ ಹಿಟ್ಟು ಮಾಡಿ ಕೊಡ್ತು. ಹಿಟ್ಟಾದ ಮೇಲೆ ಯಾವುದು ಒಳ್ಳೇದು, ಯಾವುದು ಕೆಟ್ಟದ್ದು? ದೇವರಿಗೂ ಆರಿಸೋಕಾಗಲ್ಲ.

ಆದ್ರೂ ನಾನು ಹೇಳ್ತೀನಿ, ಖಂಡಿತ ಅಂತ ಏನಿಲ್ಲ. ಅಲ್ವಾ? ಮೂಟೇಲಿ ವಿಷ ಇದ್ದೇ ಇತ್ತು ಅಂತ ಯಾರು ನೋಡಿದ್ದಾರೆ? ನಾನೂ ತಿಂದೆ. ನಾನು ಚೆನ್ನಾಗಿದ್ದೀನಿ. ಇದೊಂದು ಮಾತಿಗೆ ಉತ್ತರ ಕೊಡಿ, ಇದೊಂದಕ್ಕೆ. ನಾನು ಯಾಕೆ ಚೆನ್ನಾಗಿದ್ದೀನಿ?

...ಅಳಿಯಂದಿರೇ?

ಮಾತಾಡಿ. ಕೆಮ್ಮಾದ್ರೂ ಕೆಮ್ಮಿ, ಇದ್ದೀರಿ ಅಂತ ಗೊತ್ತಾಗ್ಲಿ.

...ಎದ್ರಾ. ಹೊರಟ್ರಾ? ಹೋಗಿ, ಹೋಗಿ, ವವಿನ್ಯಾ ಒಬ್ಬಳೇ ಇದ್ದಾಳೆ. ಬಾಗಿಲು ಎಳ್ಕೊಂಡು ಹೋಗಿ... ಈ ಕಡೆ ಅಲ್ಲ. ಈ ಕಡೆ ಎಲ್ಲಿಗೆ? ಅಳಿಯಂದಿರೇ, ಪರದೆ! ಪರದೆ ಬಿಡಿ! ನಾನು ಒಳಗಿದ್ದೀನಿ, ಮಲಗಿದ್ದೀನಿ, ಮೈಮೇಲೆ ಸರಿಯಾಗಿ ಬಟ್ಟೆ ಇಲ್ಲ...

ಬಂದೇ ಬಿಟ್ರಾ.

ಆಯ್ತು. ನೋಡಿ, ಏನೂ ಕುಸಿದು ಬೀಳ್ಲಿಲ್ಲ. ನಾನು ಹೇಳ್ತಾನೇ ಇದ್ದೆ. ಮೂಟೆಗಳು ಅಲ್ಲಿವೆ, ಗೋಡೆ ಪಕ್ಕ. ಬಾಯಿ ಬಿಚ್ಚಿ, ತಳದವರೆಗೂ ಕೈ ಹಾಕಿ ತೆಗೀರಿ. ಅದಕ್ಕೇ ಅಲ್ವಾ ಬಂದಿದ್ದು? ತೆಗೀರಿ... ಮೂಟೆ ಆ ಕಡೆ ಇದೆ. ನನ್ನನ್ನ ಯಾಕೆ ನೋಡ್ತೀರಿ? ಹೆಂಡತಿಯ ತಾಯಿಯನ್ನ ಹೀಗೆ ನೇರವಾಗಿ ನೋಡ್ತಾರಾ? ತಿರುಗಿ. ಆ ಕಡೆ ತಿರುಗಿ. ಕಿಟಕಿ ತೆಗೀಬೇಡಿ... ಬೇಡ ಅಂದೆನಲ್ಲ, ಬೆಳಕು...

...

ರೆಪ್ಪೆ ಎಳೆದು ನೋಡಬೇಡಿ. ಬಯ್ಯಿ.

...

ಅಷ್ಟು ಹಳದಿಯಾಗಿದೆಯಾ? ನನ್ನ ಕಣ್ಣೂ?

ಅದಕ್ಕೇ ಬರ್ಲಿಲ್ಲ ಆಸ್ಪತ್ರೆಗೆ. ಅವಳ ಪಕ್ಕ ನಾನು ಹೋಗಿ ಕೂತಿದ್ರೆ ಡಾಕ್ಟರು ನಿಮ್ಮನ್ನ ಏನೂ ಕೇಳಬೇಕಾಗಿರ್ಲಿಲ್ಲ... ಕೂರಬೇಡಿ, ಎತ್ತಬೇಡಿ ನನ್ನನ್ನ. ನಿಮ್ಮ ಕೈ ಯಾಕೆ ಹೀಗೆ ತಣ್ಣಗಿದೆ? ನನ್ನನ್ನ ಎತ್ಕೊಂಡು ಹೋಗಿ ಏನು ಪ್ರಯೋಜನ? ಹೋಗಿ ಹೇಳಿ ಅವರಿಗೆ, ಬೇರೆ ಏನೂ ಹುಡುಕಬೇಡಿ ಅಂತ. ಇಬ್ಬರೂ ಒಂದೇ ಪಾತ್ರೆಯಿಂದ ಉಂಡಿದ್ದು ಅಂತ.

ಅವಳಿಗೆ ನಾನು ದಿನಾ ಒಂದು ತುತ್ತು ಹೆಚ್ಚಿಗೆ ಹಾಕ್ತಿದ್ದೆ, ಅಳಿಯಂದಿರೇ. ಬೇಡ ಅಂದ್ರೂ ಹಾಕ್ತಿದ್ದೆ. ಬೆಳೆಯೋ ಮಗು ಅಂತ.